ಹಣ್ಣು ನೊಣಗಳು: ಗುರುತು ಮತ್ತು ವರ್ಗೀಕರಣ (ಚಾಮರಾಜನಗರ, ಗುಂಡ್ಲುಪೇಟೆ)

ಹಣ್ಣು ನೊಣಗಳು ಡಿಪ್ಟಿರ ಗಣದ ಟೆಫ್ರಿಟಿಡೀ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 5,000 ಪ್ರಭೇದಗಳಿವೆ. ಎಲ್ಲವೂ ಹಣ್ಣಿಗೆ ಬೀಳುವುದಿಲ್ಲ. ಎಷ್ಟೋ ನೊಣಗಳು ಹೂವಿನ ತಲೆಯಲ್ಲೋ ಕಾಂಡದಲ್ಲೋ ಬೆಳೆಯುತ್ತವೆ. ತಿರುಳಿರುವ ಹಣ್ಣು, ತರಕಾರಿಗಳನ್ನು ಹಾಳುಮಾಡುವವುಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರಿಗೆ ಮುಖ್ಯವಾದವು ಬ್ಯಾಕ್ಟ್ರೊಸೆರಾ, ಜುಗೋಡೇಕಸ್ ಮತ್ತು ಡೇಕಸ್ ಎಂಬ ಮೂರು ಕುಲಗಳು. ಮಾವು, ಸೀಬೆ, ಸಪೋಟಗಳಿಗೆ ಬರುವ ನೊಣ ಬೇರೆ. ಹಾಗಲ, ಹೀರೆ, ಪಡವಲ, ಕಲ್ಲಂಗಡಿಗಳಿಗೆ ಬರುವುದು ಬೇರೆ. ತೆರಕಣಾಂಬಿ ಮಾರುಕಟ್ಟೆಯಿಂದ ಕೇರಳಕ್ಕೆ ತರಕಾರಿ ಹೋಗುವ ಈ ಸೀಮೆಯಲ್ಲಿ ಎರಡೂ ಗುಂಪಿನ ಬೆಳೆಗಳು ಅಕ್ಕಪಕ್ಕದ ಹೊಲಗಳಲ್ಲೇ ಇರುವುದರಿಂದ ಗೊಂದಲ ಸಹಜ.

ಮೊದಲು ಯಾವುದು ಹಣ್ಣು ನೊಣ ಅಲ್ಲ ಎಂಬುದನ್ನು ತಿಳಿಯಬೇಕು. ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ, ಮೂರು ಮಿಲಿಮೀಟರಿನ ಕೆಂಗಣ್ಣಿನ ನೊಣ ಡ್ರಾಸೊಫಿಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತಳಿಶಾಸ್ತ್ರದ ಅಧ್ಯಯನಕ್ಕೆ ಸಾಕುವುದು ಇದನ್ನೇ. ಇದು ಇನ್ನೊಂದು ಕುಟುಂಬದ್ದು, ಬಹುಮಟ್ಟಿಗೆ ಕೊಳೆತದ್ದನ್ನೇ ತಿನ್ನುವಂಥದ್ದು. ರೈತರು ಹಣ್ಣು ನೊಣವನ್ನೂ ಊಜಿ ಎನ್ನುವುದುಂಟು, ಆದರೆ ರೇಷ್ಮೆಹುಳುವಿನ ಊಜಿಯು ಟಾಕಿನಿಡೀ ಕುಟುಂಬದ ಪರಾವಲಂಬಿ. ಟೊಮ್ಯಾಟೊ ಕಾಯಿಯಲ್ಲಿ ತೂತು ಕಂಡರೆ ಕಾಯಿಯನ್ನು ಸೀಳಿ ನೋಡುವುದು ಒಳ್ಳೆಯದು. ಒಳಗಿರುವ ಹುಳುವಿಗೆ ಸ್ಪಷ್ಟವಾದ ತಲೆ, ಕಾಲುಗಳಿದ್ದರೆ ಅದು ಪತಂಗದ ಮರಿಹುಳು. ತಲೆ, ಕಾಲುಗಳಿಲ್ಲದೆ ಒಂದು ತುದಿ ಮೊನಚಾಗಿ, ಇನ್ನೊಂದು ತುದಿ ಮೊಂಡಾಗಿದ್ದು, ಬಲಿತಾಗ ಮೈ ಬಾಗಿಸಿ ಚಿಮ್ಮಿ ನೆಗೆದರೆ ಅದು ಹಣ್ಣು ನೊಣದ ಹುಳು.

ಹೆಣ್ಣು ನೊಣದ ಹೊಟ್ಟೆಯ ತುದಿಯಲ್ಲಿ ಸೂಜಿಯಂಥ ಅಂಡನಿಕ್ಷೇಪಕ ಅಂಗವಿರುತ್ತದೆ. ಅದರಿಂದ ಕಾಯಿಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರುತ್ತದೆ, ಎಳೆಯ ಹೀರೆ, ಹಾಗಲಗಳು ಸೊಟ್ಟಗಾಗುತ್ತವೆ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದ ಹುಳುಗಳು ವಾರದೊಳಗೆ ತಿರುಳನ್ನು ಕೊಳೆಸಿ, ಬಲಿತ ಮೇಲೆ ಮಣ್ಣಿಗೆ ಬಿದ್ದು ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶಾವಸ್ಥೆಗೆ ಹೋಗುತ್ತವೆ. ಬಾಳೆಯ ಬಗ್ಗೆ ಒಂದು ಮಾತು: ಬಲಿತ ಹಸಿರು ಗೊನೆಯನ್ನು ಕಡಿದು ಸಾಗಿಸಿದರೆ ಮಾವಿನ ನೊಣದ ಭಯವಿಲ್ಲ. ಗಿಡದಲ್ಲೇ ಹಣ್ಣಾದ ಗೊನೆಗೆ ಮಾತ್ರ ಅದು ಬೀಳುತ್ತದೆ.

ಪ್ರಭೇದ ಗುರುತಿಸಲು ಒಂದು ಮಸೂರ ಸಾಕು. ಮುಖ, ಬೆನ್ನು, ರೆಕ್ಕೆ, ಹೊಟ್ಟೆ ಈ ನಾಲ್ಕನ್ನು ನೋಡಬೇಕು. ಮಾವಿನ ನೊಣ ಬ್ಯಾಕ್ಟ್ರೊಸೆರಾ ಡೋರ್ಸಾಲಿಸ್‌ನ ಬೆನ್ನು ಸಾಮಾನ್ಯವಾಗಿ ಕಪ್ಪು, ಎರಡು ಬದಿಗೂ ಒಂದೊಂದು ಹಳದಿ ಪಟ್ಟಿ. ಮುಖದಲ್ಲಿ ಎರಡು ಕಪ್ಪು ಚುಕ್ಕೆ, ರೆಕ್ಕೆಯ ಮುಂದಂಚಿನಲ್ಲಿ ತೆಳುವಾದ ಕಂದು ಗೆರೆ, ಹೊಟ್ಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಕಪ್ಪು ಗುರುತು. ಸೀಬೆ ನೊಣ ಬ್ಯಾಕ್ಟ್ರೊಸೆರಾ ಕರೆಕ್ಟಾದಲ್ಲಿ ಮುಖದ ಚುಕ್ಕೆಗಳು ಅಡ್ಡಗೆರೆಯಾಗಿ ಕೂಡಿರುತ್ತವೆ, ರೆಕ್ಕೆಯ ಗೆರೆ ತುಂಡಾಗಿ ತುದಿಯಲ್ಲಿ ಚುಕ್ಕೆಯಷ್ಟೇ ಉಳಿದಿರುತ್ತದೆ. ಕೆಂಗಂದು ಮೈಯ ಬ್ಯಾಕ್ಟ್ರೊಸೆರಾ ಝೊನಾಟಾದ ರೆಕ್ಕೆಯ ತುದಿಯಲ್ಲೂ ಇಂಥದೇ ಚುಕ್ಕೆಯಿದೆ, ಆದರೆ ಮುಖದ ಚುಕ್ಕೆಗಳು ಬೇರೆ ಬೇರೆ. ದಕ್ಷಿಣ ಭಾರತದ ಬ್ಯಾಕ್ಟ್ರೊಸೆರಾ ಕ್ಯಾರಿಯೇಯನ್ನು ಡೋರ್ಸಾಲಿಸ್‌ನಿಂದ ಬಿಡಿಸಲು ತೊಡೆಯ ಕಪ್ಪು ಗುರುತುಗಳನ್ನು ನೋಡಬೇಕು. ಕುಂಬಳ ವರ್ಗದ ನೊಣ ಜುಗೋಡೇಕಸ್ ಕುಕುರ್ಬಿಟೆಯನ್ನು ತಿಳಿಯುವುದು ಸುಲಭ: ಕೆಂಗಂದು ಬೆನ್ನಿನ ಮೇಲೆ ಮೂರು ಹಳದಿ ಪಟ್ಟಿ, ಅದರಲ್ಲಿ ಒಂದು ನಡುವೆ, ರೆಕ್ಕೆಯ ಅಡ್ಡನಾಳದ ಮೇಲೆ ಕಂದು ಮಸುಕು. ಮೂರು ಪಟ್ಟಿಯಿದ್ದು ಹಿಂದಿನ ಅಡ್ಡನಾಳದ ಮೇಲೆ ಮಸುಕಿಲ್ಲದಿದ್ದರೆ ಜುಗೋಡೇಕಸ್ ಟೌ ಇರಬಹುದು. ಬೆನ್ನಿನಲ್ಲಿ ಹಳದಿ ಪಟ್ಟಿಯೇ ಇಲ್ಲದೆ ಹೊಟ್ಟೆಯ ಖಂಡಗಳು ಒಂದಾಗಿ ಬೆಸೆದಿದ್ದರೆ ಅದು ಡೇಕಸ್ ಸಿಲಿಯೇಟಸ್.

ವರ್ಗೀಕರಣ ಇನ್ನೂ ನಿಂತ ನೀರಲ್ಲ. ಜುಗೋಡೇಕಸ್ ಬಹುಕಾಲ ಬ್ಯಾಕ್ಟ್ರೊಸೆರಾದ ಉಪಕುಲವಾಗಿತ್ತು, 2015ರಲ್ಲಿ ಪ್ರತ್ಯೇಕ ಕುಲವಾಯಿತು. ಆಫ್ರಿಕಾದಲ್ಲಿ 2003ರಲ್ಲಿ ಸಿಕ್ಕಿ, 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಹೆಸರು ಪಡೆದ ನೊಣ ಡೋರ್ಸಾಲಿಸ್ಸೇ ಎಂದು ಅದೇ 2015ರಲ್ಲಿ ತೀರ್ಮಾನವಾಯಿತು. ಹಾಗಾಗಿ ಹಳೆಯ ಕೈಪಿಡಿಗಳಲ್ಲಿ ಬ್ಯಾಕ್ಟ್ರೊಸೆರಾ ಕುಕುರ್ಬಿಟೆ ಎಂದಿದ್ದರೆ ತಪ್ಪೆನ್ನಲಾಗದು. ನಮ್ಮ ಭಾಗಕ್ಕೆ ಹೆಚ್ಚು ಉಪಯುಕ್ತವಾದದ್ದು ಕೆ. ಜೆ. ಡೇವಿಡ್ ಮತ್ತು ಎಸ್. ರಮಣಿ 2011ರಲ್ಲಿ ಪ್ರಕಟಿಸಿದ, ಪರ್ಯಾಯ ದ್ವೀಪ ಭಾರತ ಮತ್ತು ಅಂಡಮಾನ್ ನಿಕೋಬಾರಿನ ಹಣ್ಣು ನೊಣಗಳ ಸಚಿತ್ರ ಗುರುತು ಸೂಚಿ.

ಪ್ರಭೇದದ ಹೆಸರು ತಿಳಿಯದೆ, ವಾಸನೆಯಿಂದ ನೊಣ ಸೆಳೆಯುವ ಮೋಹಕ ಬಲೆ ಕಟ್ಟಿದರೆ ಹಣ ದಂಡ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಎಫ್. ಎಂ. ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣು ನೊಣಗಳು ಮುತ್ತುವುದನ್ನು ವರದಿ ಮಾಡಿದ. ಮುಂದೆ ಅದರಿಂದಲೇ ಮಿಥೈಲ್ ಯೂಜಿನಾಲ್ ಎಂಬ ಮೋಹಕ ಬಳಕೆಗೆ ಬಂತು. ಅದಕ್ಕೆ ಡೋರ್ಸಾಲಿಸ್, ಕರೆಕ್ಟಾ, ಝೊನಾಟಾ, ಕ್ಯಾರಿಯೇ ಬರುತ್ತವೆ. ಕುಕುರ್ಬಿಟೆ, ಟೌ ಬರುವುದು ಇನ್ನೊಂದು ಮೋಹಕವಾದ ಕ್ಯೂ ಲೂರ್‌ಗೆ. ಕಲ್ಲಂಗಡಿ ಹೊಲದಲ್ಲಿ ಮಿಥೈಲ್ ಯೂಜಿನಾಲ್ ಬಲೆ ಕಟ್ಟಿದವನಿಗೆ ಡಬ್ಬಿ ತುಂಬ ನೊಣ ಸಿಗಬಹುದು. ಅವು ಪಕ್ಕದ ಮಾವಿನ ತೋಪಿನವು, ಕಾಯಿ ಚುಚ್ಚುವ ನೊಣ ಹೊಲದಲ್ಲಿ ಹಾಗೆಯೇ ಇರುತ್ತದೆ. ಎರಡು ಬಲೆಗಳಿಗೂ ಬೀಳುವುದು ಗಂಡುಗಳೇ. ಚುಚ್ಚಿದ ಕಾಯಿಗಳನ್ನು ಆರಿಸಿ ಆಳವಾಗಿ ಹೂಳುವ ಕೆಲಸವನ್ನು ಬಲೆ ತಪ್ಪಿಸುವುದಿಲ್ಲ.

ನೊಣದ ಹೆಸರಿಗೆ ವ್ಯಾಪಾರದಲ್ಲೂ ತೂಕವಿದೆ. ಸರಕಿನಲ್ಲಿ ಹಣ್ಣು ನೊಣ ಮತ್ತಿತರ ಕೀಟಗಳು ಸಿಕ್ಕವೆಂದು ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವು, ಬದನೆ, ಕೆಸು, ಹಾಗಲ, ಪಡವಲಗಳನ್ನು ತಡೆದಿತ್ತು. ಮಾವಿನ ತಡೆ 2015ರಲ್ಲಿ ತೆರವಾಯಿತು.

ಹುಳುವನ್ನು ಮಾತ್ರ ನೋಡಿ ಪ್ರಭೇದ ಹೇಳುವುದು ಕಷ್ಟ. ಡಿಎನ್‌ಎ ಪರೀಕ್ಷೆ ಇಲ್ಲದ ಕಡೆ ಚುಚ್ಚಿದ ಕಾಯಿಯನ್ನು ಮರಳು ಹಾಕಿದ ಡಬ್ಬಿಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ನೊಣ ಹೊರಬರುವವರೆಗೆ ಕಾಯಬೇಕು. ಹೊರಬಂದ ನೊಣಕ್ಕೆ ಕೆಲವು ದಿನ ಸಕ್ಕರೆ ನೀರು ಕೊಟ್ಟರೆ ಬಣ್ಣ ಕಟ್ಟಿ ಗುರುತುಗಳು ಸ್ಪಷ್ಟವಾಗುತ್ತವೆ. ಬಳಿಕ ಆಲ್ಕೊಹಾಲಿನಲ್ಲಿಟ್ಟು, ಯಾವ ಕಾಯಿ, ಯಾವ ಊರು, ಯಾವ ದಿನ ಎಂದು ಚೀಟಿ ಬರೆದು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಗೋ ತೋರಿಸಬಹುದು. ಚೀಟಿಯಿಲ್ಲದ ನೊಣದಿಂದ ಯಾರಿಗೂ ಪ್ರಯೋಜನವಿಲ್ಲ.