ಪ್ರಳಯದ ನಂತರದ ಲೋಕವನ್ನು ಮಕ್ಕಳು ನಂಬುವುದು ಯಾವಾಗ?

ನಾಗರಿಕತೆ ಕುಸಿದ ಮೇಲಿನ ಬದುಕನ್ನು ಕಟ್ಟಿಕೊಡುವ ಸಾಹಸ ಕಾದಂಬರಿಗಳು ಇಂಗ್ಲಿಷಿನ ಕಿಶೋರ ಸಾಹಿತ್ಯದಲ್ಲಿ ದಶಕಗಳಿಂದ ಬರುತ್ತಿವೆ. ಯುದ್ಧ ಯಾಕಾಯಿತು, ಯಾರು ಗೆದ್ದರು ಎಂದು ಎಷ್ಟು ಹೇಳಿದರೂ ಆ ಲೋಕ ಗಟ್ಟಿಯಾಗುವುದಿಲ್ಲ. ಉಗ್ರಾಣದಲ್ಲಿ ಏನು ಉಳಿದಿದೆ, ಮುಗಿದರೆ ಮುಂದೇನು ಎಂಬ ಲೆಕ್ಕ ಸರಿಯಿರಬೇಕು.

ಬಲ್ಬು ಮುಗಿಯುವ ಊರು

ಜೀನ್ ಡುಪ್ರೌ ಅವರ ‘ದಿ ಸಿಟಿ ಆಫ್ ಎಂಬರ್’ (2003) ಸೂರ್ಯನನ್ನೇ ಕಾಣದ ಊರಿನ ಕಥೆ. ನದಿಯ ನೀರಿನಿಂದ ಓಡುವ ಒಂದೇ ಜನರೇಟರ್ ಪದೇ ಪದೇ ಕೈಕೊಡುತ್ತದೆ. ಉಗ್ರಾಣದಲ್ಲಿ ಬಲ್ಬುಗಳೂ ಡಬ್ಬಿ ಆಹಾರವೂ ಕರಗುತ್ತಿವೆ. ಹೊರಬರುವ ದಾರಿಯನ್ನು ಬರೆದಿಟ್ಟ ಪೆಟ್ಟಿಗೆ ಮೇಯರಿಂದ ಮೇಯರಿಗೆ ಹೋಗಬೇಕಿತ್ತು. ಏಳನೆಯ ಮೇಯರ್ ತನ್ನ ಕಾಯಿಲೆಗೆ ಅದರಲ್ಲಿ ಮದ್ದಿರಬಹುದೆಂಬ ಆಸೆಯಿಂದ ಮನೆಗೆ ಒಯ್ದು, ಹಿಂದಿರುಗಿಸದೆ ಸತ್ತ. ಇಡೀ ಊರು ಸಿಕ್ಕಿಬಿದ್ದದ್ದು ಒಬ್ಬ ರೋಗಿಯ ಆಸೆಯಿಂದ. ಯಾವ ಖಳನೂ ಇದಕ್ಕಿಂತ ನಿಜವೆನಿಸಲಾರ.

ಆದರೂ ಒಂದು ತೊಡಕಿದೆ. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಕತ್ತಲಿಗೆ ಹೆದರಿ ಬದುಕಿದ ಜನ ಕೈಯಲ್ಲಿ ಹಿಡಿದು ನಡೆಯುವ ದೀಪವನ್ನು ಮಾಡಿಕೊಳ್ಳಲಿಲ್ಲವೇ? ಜಾಣ ಮಗು ಕೇಳಿಯೇ ಕೇಳುತ್ತದೆ.

ಎರಡು ನೀರು

ರಾಬರ್ಟ್ ಸಿ. ಓ’ಬ್ರಯನ್ 1973ರಲ್ಲಿ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳ ನೆರವಿನಿಂದ ಹೆಂಡತಿ, ಮಗಳು ಸೇರಿ ಪೂರ್ಣಗೊಳಿಸಿದ ಕಾದಂಬರಿ ‘ಝಡ್ ಫಾರ್ ಝಕರಾಯ’. ಅಣುಯುದ್ಧದ ನಂತರ ಕಣಿವೆಯೊಂದರಲ್ಲಿ ಆ್ಯನ್ ಎಂಬ ಹುಡುಗಿ ಒಬ್ಬಳೇ ಉಳಿದಿದ್ದಾಳೆ. ಅಲ್ಲೇ ಹುಟ್ಟುವ ಬುಗ್ಗೆಯ ಕೊಳದಲ್ಲಿ ಮೀನು ಜೀವಂತ. ಹೊರಗಿನಿಂದ ಹರಿದುಬರುವ ಹಳ್ಳ ಸತ್ತಿದೆ. ವಿಕಿರಣ ತಡೆಯುವ ಉಡುಪು ತೊಟ್ಟು ಬಂದ ವಿಜ್ಞಾನಿ ಲೂಮಿಸ್, ಉಡುಪು ಕಳಚಿ ಆ ಹಳ್ಳದಲ್ಲೇ ಸ್ನಾನಕ್ಕಿಳಿಯುತ್ತಾನೆ. ಅಡಗಿ ನೋಡುವ ಆ್ಯನ್ ಕೂಗಿ ಎಚ್ಚರಿಸುವುದಿಲ್ಲ. ಅವನು ಕಾಯಿಲೆ ಬೀಳುತ್ತಾನೆ, ಅವಳು ಶುಶ್ರೂಷೆಗೆ ನಿಲ್ಲುತ್ತಾಳೆ, ಮುಂದಿನ ಕಥೆಯೆಲ್ಲ ಅಲ್ಲಿಂದ ಹೊರಡುತ್ತದೆ. ಭೂಗೋಳವೇ ಕಥೆಯನ್ನು ನಡೆಸುವ ಇಂಥ ಕೆಲಸ ಈ ಪ್ರಕಾರದಲ್ಲಿ ಅಪರೂಪ.

ಪೆಟ್ರೋಲಿನ ವಿಷಯದಲ್ಲೂ ಲೇಖಕರು ಜಾಗರೂಕರು. ವಿದ್ಯುತ್ ಇಲ್ಲದ ಬಂಕಿನ ಪಂಪನ್ನು ಕೈಯಿಂದ ತಿರುಗಿಸಿದ ಮೇಲೆಯೇ ಟ್ರ್ಯಾಕ್ಟರ್ ಓಡುತ್ತದೆ. ಪೆಟ್ರೋಲ್ ಬಹುಕಾಲ ಇಟ್ಟರೆ ಕೆಡುತ್ತದೆ. ದಶಕಗಳ ನಂತರವೂ ಹಳೆಯ ಟ್ಯಾಂಕಿನ ಇಂಧನದಿಂದ ಕಾರು ಓಡಿಸುವ ಕಥೆಗಳು ಎಡವುವುದು ಇಲ್ಲೇ.

ಅಸಾಧ್ಯವೂ ನಡೆಯುತ್ತದೆ

ಫಿಲಿಪ್ ರೀವ್ ಅವರ ‘ಮಾರ್ಟಲ್ ಎಂಜಿನ್ಸ್’ (2001) ಕಾದಂಬರಿಯಲ್ಲಿ ಲಂಡನ್ ಚಕ್ರಗಳ ಮೇಲೆ ಓಡುತ್ತದೆ. ಭೌತಶಾಸ್ತ್ರ ಇದನ್ನು ಒಪ್ಪದು. ಆದರೆ ಹಿಡಿದ ಊರನ್ನು ಲಂಡನ್ ತನ್ನ ಹೊಟ್ಟೆಯೊಳಗೆ ಒಡೆದು ಲೋಹ, ಇಂಧನ ಮಾಡಿಕೊಳ್ಳುತ್ತದೆ. ಬೇಟೆಗೆ ಊರುಗಳು ಕಡಿಮೆಯಾದಷ್ಟೂ ಅದರ ಹಸಿವು ಹೆಚ್ಚುತ್ತದೆ, ಆಳುವವರು ಕ್ರೂರರಾಗುತ್ತಾರೆ.