ಜಾಲಹರಟೆಯಲ್ಲಿ ಹೆಸರು, ಗುರುತು, ಮಾನ

ಗಣಕದ ಪರದೆಯ ಮೇಲೆ ಹರಟೆ ಹೊಡೆಯುವ ರೂಢಿ ಇಂದಿನ ಅಂತರಜಾಲಕ್ಕಿಂತ ಹಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲೆಂದು 'ಪ್ಲೇಟೊ' ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿದ್ದರು. ಅದಕ್ಕಾಗಿ 1973ರಲ್ಲಿ ಡಗ್ ಬ್ರೌನ್ ಮತ್ತು ಡೇವಿಡ್ ವೂಲಿ 'ಟಾಕೊಮ್ಯಾಟಿಕ್' ಎಂಬ ಪ್ರೋಗ್ರಾಮ್ ಸಿದ್ಧಪಡಿಸಿದರು. ಒಂದು ವಾಹಿನಿಯಲ್ಲಿ ಐದು ಮಂದಿ ಸೇರಬಹುದಾಗಿತ್ತು. ಒಬ್ಬರು ಒತ್ತಿದ ಪ್ರತಿ ಅಕ್ಷರವೂ ಆ ಕ್ಷಣವೇ ಉಳಿದವರ ಪರದೆಯಲ್ಲಿ ಮೂಡುತ್ತಿತ್ತು. ಪ್ಲೇಟೊ ಪ್ರವೇಶಿಸಲು ಹೆಸರಿನ ಜೊತೆಗೆ ಗುಂಪಿನ ಹೆಸರೂ ಬೇಕಾಗಿದ್ದುದರಿಂದ, ಮಾತನಾಡುತ್ತಿರುವವರು ಯಾರೆಂಬ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳಲಿಲ್ಲ.

ಪ್ರಶ್ನೆ ಎದ್ದದ್ದು ಹರಟೆ ವ್ಯಾಪಾರವಾದಾಗ. 1980ರಲ್ಲಿ ಕಂಪ್ಯುಸರ್ವ್ ಸಂಸ್ಥೆ 'ಸಿ.ಬಿ. ಸಿಮ್ಯುಲೇಟರ್' ಎಂಬ ಸೇವೆ ಆರಂಭಿಸಿತು. ಲಾರಿ ಚಾಲಕರಲ್ಲಿ ಜನಪ್ರಿಯವಾಗಿದ್ದ ಸಿಟಿಜನ್ಸ್ ಬ್ಯಾಂಡ್ ರೇಡಿಯೊದ ಅನುಕರಣೆ ಅದು. ರೇಡಿಯೊದಲ್ಲಿದ್ದಂತೆಯೇ 40 ವಾಹಿನಿಗಳು, ರೇಡಿಯೊದಲ್ಲಿದ್ದಂತೆಯೇ ಅಡ್ಡಹೆಸರುಗಳು. ಹಣ ಕಟ್ಟುವ ಗ್ರಾಹಕ ಯಾರೆಂದು ಸಂಸ್ಥೆಗೆ ಗೊತ್ತಿರುತ್ತಿತ್ತು. ಜೊತೆಗೆ ಹರಟುವವರಿಗೆ ಕಾಣುತ್ತಿದ್ದುದು ಅಡ್ಡಹೆಸರು ಮಾತ್ರ. ರೇಡಿಯೊದಲ್ಲಿ ಕನಿಷ್ಠಪಕ್ಷ ದನಿಯಾದರೂ ಇತ್ತು. ಇಲ್ಲಿ ಅದೂ ಇಲ್ಲ.

ಇದರ ಪರಿಣಾಮವನ್ನು ಮೊದಲು ಎಲ್ಲರ ಗಮನಕ್ಕೆ ತಂದವರು ಪತ್ರಕರ್ತೆ ಲಿಂಡ್ಸಿ ವ್ಯಾನ್ ಗೆಲ್ಡರ್. 1985ರಲ್ಲಿ 'ಮಿಸ್' ಪತ್ರಿಕೆಯಲ್ಲಿ ಅವರು ಬರೆದ ಲೇಖನದ ನಾಯಕಿ 'ಜೋನ್'. ಅಪಘಾತದಲ್ಲಿ ಮಾತು ಕಳೆದುಕೊಂಡು ಗಾಲಿಕುರ್ಚಿಗೆ ಅಂಟಿಕೊಂಡ ತರುಣಿ ಎಂದು ಅವಳು ಹೇಳಿಕೊಂಡಿದ್ದಳು. ಎಷ್ಟೋ ಹೆಂಗಸರು ಅವಳೊಂದಿಗೆ ತಮ್ಮ ಸಂಸಾರದ ಗುಟ್ಟುಗಳನ್ನೆಲ್ಲ ಹಂಚಿಕೊಂಡಿದ್ದರು. ಕೊನೆಗೆ ತಿಳಿದದ್ದು, ಜೋನ್ ಎಂಬಾಕೆ ಇರಲೇ ಇಲ್ಲ. ಆ ಹೆಸರಿನಲ್ಲಿ ಬರೆಯುತ್ತಿದ್ದವನು ನ್ಯೂಯಾರ್ಕಿನ ಒಬ್ಬ ಮನೋವೈದ್ಯ. ಹಣಕಾಸಿನ ಮೋಸವೇನೂ ನಡೆದಿರಲಿಲ್ಲ. ಆದರೂ ಆ ಹೆಂಗಸರಿಗೆ ಆದ ನೋವನ್ನು ಸಣ್ಣದೆನ್ನಲಾಗದು.

1988ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಯಾರ್ಕೊ ಓಯಿಕರಿನೆನ್ 'ಇಂಟರ್‌ನೆಟ್ ರಿಲೇ ಚಾಟ್' ಅನ್ನು, ಅಂದರೆ ಐ.ಆರ್.ಸಿ.ಯನ್ನು ರಚಿಸಿದರು. ಇದರಲ್ಲಿ ಅನೇಕ ಸರ್ವರ್‌ಗಳು ಮರದ ಕೊಂಬೆಗಳಂತೆ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. 1993ರ ನಿಯಮಾವಳಿಯಂತೆ ಅಡ್ಡಹೆಸರಿಗೆ ಒಂಬತ್ತು ಅಕ್ಷರಗಳ ಮಿತಿ. ಆ ಹೆಸರು ಯಾರ ಸ್ವತ್ತೂ ಅಲ್ಲ, ಮೊದಲು ಬಂದವರಿಗೆ ಸಿಗುತ್ತಿತ್ತು. ಸರ್ವರ್‌ಗಳ ನಡುವಿನ ಕೊಂಡಿ ಕಡಿದರೆ ಜಾಲ ಎರಡು ಹೋಳಾಗುತ್ತದೆ. ಆಗ ಆಚೆಯ ಹೋಳಿನಲ್ಲಿ ಬೇರೊಬ್ಬ ನಿಮ್ಮ ಹೆಸರನ್ನೇ ಇಟ್ಟುಕೊಳ್ಳಬಹುದು. ಕೊಂಡಿ ಮತ್ತೆ ಕೂಡಿದಾಗ ಒಂದೇ ಹೆಸರಿನ ಇಬ್ಬರು ಎದುರಾಗುತ್ತಾರೆ. ನಿಯಮದಂತೆ ಇಬ್ಬರನ್ನೂ ಹೊರದಬ್ಬಬೇಕು! ಕಿಡಿಗೇಡಿಗಳು ಈ ಉಪಾಯವನ್ನು ಬೇಗನೆ ಕಲಿತರು. 1994ರಲ್ಲಿ ಆರಂಭವಾದ ಡಾಲ್‌ನೆಟ್ ಎಂಬ ಐ.ಆರ್.ಸಿ. ಜಾಲವು ಅಡ್ಡಹೆಸರನ್ನು ಗುಪ್ತಪದದೊಂದಿಗೆ ನೋಂದಾಯಿಸುವ ಸೇವೆ ಒದಗಿಸಿ ಜನಪ್ರಿಯವಾಯಿತು. ಇನ್ನೊಂದು ವಿಚಿತ್ರವೆಂದರೆ, ಅಡ್ಡಹೆಸರು ವ್ಯಕ್ತಿಯನ್ನು ಮರೆಮಾಡಿದರೂ 'ಹೂಈಸ್' ಆದೇಶ ಕೊಟ್ಟರೆ ಅವರ ಗಣಕದ ವಿಳಾಸ ಸಾಮಾನ್ಯವಾಗಿ ಕಾಣುತ್ತಿತ್ತು. ಮುಖಕ್ಕೆ ಮುಸುಕು ಹಾಕಿ ಮನೆ ಬಾಗಿಲು ತೆರೆದಿಟ್ಟಂತೆ.

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಕೆಲವೇ ವರ್ಷಗಳಲ್ಲಿ, 2000ದ ಸುಮಾರಿಗೆ, ದೆಹಲಿಯಲ್ಲಿ ಒಂದು ಪ್ರಕರಣ ನಡೆಯಿತು. ಒಬ್ಬಾತ ಪರಿಚಿತ ಮಹಿಳೆಯ ಹೆಸರಿನಲ್ಲಿ ಹರಟೆಕೋಣೆ ಹೊಕ್ಕು, ಅಶ್ಲೀಲವಾಗಿ ಮಾತನಾಡಿ, ಆಕೆಯ ಮನೆಯ ದೂರವಾಣಿ ಸಂಖ್ಯೆಯನ್ನು ಹಂಚಿದ. ಏನೂ ಅರಿಯದ ಆಕೆಗೆ ಹೊತ್ತಲ್ಲದ ಹೊತ್ತಿನಲ್ಲಿ ಅಪರಿಚಿತರ ಕರೆಗಳು ಬರತೊಡಗಿದವು. ಪೊಲೀಸರು ಐ.ಪಿ. ವಿಳಾಸದ ಜಾಡು ಹಿಡಿದು ಅವನನ್ನು ಪತ್ತೆಮಾಡಿದರು. ಆದರೆ ಯಾವ ಕಾನೂನಿನಡಿ ಮೊಕದ್ದಮೆ ಹೂಡುವುದು? ಸಿಕ್ಕಿದ್ದು 1860ರ ಭಾರತೀಯ ದಂಡ ಸಂಹಿತೆಯ 509ನೇ ಕಲಂ. ಅದು ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗಳನ್ನು ಕುರಿತದ್ದು. ಇಲ್ಲಿ ಮಾತು ಆಕೆಗೆ ಹೇಳಿದ್ದಲ್ಲ, ಆಕೆಯೇ ಹೇಳಿದಂತೆ ತೋರಿಸಿದ್ದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿಯೂ ಇದಕ್ಕೆ ನೇರವಾದ ಕಲಂ ಇರಲಿಲ್ಲ. 2008ರ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ಮೇಲಷ್ಟೇ ಗುರುತಿನ ಕಳವು (66-ಸಿ), ಗಣಕದ ಮೂಲಕ ಸೋಗು ಹಾಕಿ ವಂಚಿಸುವುದು (66-ಡಿ) ಪ್ರತ್ಯೇಕ ಅಪರಾಧಗಳಾದವು. ಎರಡಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ.

ದೆಹಲಿಯಲ್ಲಿ ಅಪರಾಧಿಯನ್ನು ಹಿಡಿದುಕೊಟ್ಟ ಐ.ಪಿ. ವಿಳಾಸವೇ ಬೆಂಗಳೂರಿನಲ್ಲಿ ನಿರಪರಾಧಿಯನ್ನು ಸೆರೆಮನೆಗೆ ತಳ್ಳಿತು. 2007ರ ಆಗಸ್ಟ್‌ನಲ್ಲಿ, ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಹೇಳನ ಮಾಡಿದ ಚಿತ್ರ ಹಾಕಿದನೆಂಬ ಆರೋಪದ ಮೇಲೆ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ತಂತ್ರಾಂಶ ಉದ್ಯೋಗಿಯನ್ನು ಬಂಧಿಸಿದರು. ಆ ಐ.ಪಿ. ವಿಳಾಸವನ್ನು ಆಗ ಬಳಸುತ್ತಿದ್ದವನು ಆತ ಎಂದು ಸೇವಾ ಸಂಸ್ಥೆ ಕೊಟ್ಟಿದ್ದ ಮಾಹಿತಿ ತಪ್ಪಾಗಿತ್ತು. ಅದು ಹೊರಬಂದು ಆತ ಮನೆಗೆ ಮರಳುವಷ್ಟರಲ್ಲಿ ಸುಮಾರು 50 ದಿನಗಳು ಕಳೆದಿದ್ದವು.

ಇಂಥ ತಪ್ಪು ಸಾಧ್ಯವಾಗುವುದು ಹೇಗೆ? ಐ.ಪಿ. ವಿಳಾಸ ಮನೆಯ ಬಾಗಿಲಿನ ಸಂಖ್ಯೆಯಂತಲ್ಲ, ವಸತಿಗೃಹದ ಕೊಠಡಿ ಸಂಖ್ಯೆಯಂತೆ. ಬೆಳಗ್ಗೆ ಒಬ್ಬ ಗ್ರಾಹಕನಿಗೆ ಕೊಟ್ಟ ವಿಳಾಸವನ್ನು ಸಂಜೆ ಇನ್ನೊಬ್ಬನಿಗೆ ಕೊಡಬಹುದು. ಆದ್ದರಿಂದ ವಿಳಾಸದ ಜೊತೆಗೆ ದಿನಾಂಕ, ಸೆಕೆಂಡಿನವರೆಗಿನ ವೇಳೆ ಮತ್ತು ಆ ವೇಳೆ ಯಾವ ದೇಶದ್ದು ಎಂಬುದು ತಿಳಿಯಲೇಬೇಕು. ಗ್ರೀನಿಚ್ ಸಮಯದ ಬೆಳಗಿನ ಆರು ಗಂಟೆ ನಮ್ಮಲ್ಲಿ ಹನ್ನೊಂದೂವರೆ. ಇಂದು ಮೊಬೈಲ್ ಸೇವಾ ಸಂಸ್ಥೆಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುವುದರಿಂದ 'ಪೋರ್ಟ್' ಸಂಖ್ಯೆಯೂ ಬೇಕಾಗುತ್ತದೆ.

2004ರಲ್ಲಿ ನಿಕಿತಾ ಬೋರಿಸೊವ್, ಇಯಾನ್ ಗೋಲ್ಡ್‌ಬರ್ಗ್ ಮತ್ತು ಎರಿಕ್ ಬ್ರೂವರ್ ಬೇರೊಂದು ದಿಕ್ಕಿನಿಂದ ಯೋಚಿಸಿದರು. ಖಾಸಗಿ ಮಾತುಕತೆಯಲ್ಲಿ ಎದುರಿನವರು ಅವರೇ ಎಂಬ ಖಾತ್ರಿ ಬೇಕು. ಆದರೆ ಆಡಿದ ಮಾತನ್ನು ಅವರು ಮೂರನೆಯವರ ಮುಂದೆ ರುಜುವಾತಾಗಿ ಹಿಡಿಯುವಂತಿರಬಾರದು. ಡಿಜಿಟಲ್ ಸಹಿ ಹಾಕಿದರೆ ಮೊದಲನೆಯದು ಈಡೇರುತ್ತದೆ, ಎರಡನೆಯದು ಕೆಡುತ್ತದೆ, ಏಕೆಂದರೆ ಸಹಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅವರ 'ಆಫ್ ದಿ ರೆಕಾರ್ಡ್' ವಿಧಾನದಲ್ಲಿ ಇಬ್ಬರ ಬಳಿಯೂ ಒಂದೇ ಗುಟ್ಟಿನ ಕೀಲಿ ಇರುತ್ತದೆ. ಸಂದೇಶಕ್ಕೆ ಅದರಿಂದ ಮುದ್ರೆ ಬೀಳುತ್ತದೆ. ಮುದ್ರೆ ಒತ್ತಿದವನು ನಾನಲ್ಲ ಎಂದು ನಿಮಗೆ ಗೊತ್ತು, ಹಾಗಾದರೆ ಅದು ನಿಮ್ಮ ಗೆಳೆಯನದೇ. ಮೂರನೆಯವನಿಗೆ ಮಾತ್ರ ಇಬ್ಬರಲ್ಲಿ ಯಾರು ಒತ್ತಿದರೆಂದು ಹೇಳಲಾಗದು. ಸಿಗ್ನಲ್ ಬೆಳೆದದ್ದು ಇದೇ ವಿಚಾರದಿಂದ. ಅದರ ವಿಧಾನವನ್ನೇ ವಾಟ್ಸಾಪ್ ಅಳವಡಿಸಿಕೊಂಡು 2016ರಲ್ಲಿ ಎಲ್ಲ ಬಳಕೆದಾರರಿಗೂ ವಿಸ್ತರಿಸಿತು. ಗಣಿತದ ಈ ಸೊಗಸನ್ನು ಪರದೆಚಿತ್ರ ನಂಬುವ ನೆಂಟರಿಷ್ಟರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆ ಮಾತು ಬೇರೆ.

ವಾಟ್ಸಾಪ್‌ನೊಂದಿಗೆ ಅಡ್ಡಹೆಸರಿನ ಜಾಗಕ್ಕೆ ದೂರವಾಣಿ ಸಂಖ್ಯೆ ಬಂದಿತು. ಸಂಖ್ಯೆಗೆ ಬರುವ ಆರಂಕಿಯ ಸಂಕೇತವನ್ನು ಯಾರಿಗಾದರೂ ಹೇಳಿಬಿಟ್ಟರೆ ಖಾತೆ ಅವರ ಪಾಲಾಗುತ್ತದೆ. ನಂತರ ನಿಮ್ಮ ಹೆಸರಿನಲ್ಲಿ ನಿಮ್ಮ ಬಂಧುಗಳ ಬಳಿ ಸಾಲ ಕೇಳುವವರು ಅವರೇ. ಇದನ್ನು ತಡೆಯಲು 2017ರಲ್ಲಿ ವಾಟ್ಸಾಪ್ ಆರಂಕಿಯ ಇನ್ನೊಂದು ಗುಪ್ತಸಂಖ್ಯೆ ಇಟ್ಟುಕೊಳ್ಳುವ ಅನುಕೂಲ ಒದಗಿಸಿತು. ಅದನ್ನು ಬಳಕೆದಾರರೇ ಚಾಲೂ ಮಾಡಿಕೊಳ್ಳಬೇಕು. 2024ರ ಫೆಬ್ರುವರಿಯಲ್ಲಿ ಸಿಗ್ನಲ್, ದೂರವಾಣಿ ಸಂಖ್ಯೆ ತೋರಿಸದೆಯೇ ಹರಟಲು ಬಳಕೆದಾರರು ತಾವೇ ಆರಿಸಿಕೊಂಡ ಹೆಸರುಗಳನ್ನು ಜಾರಿಗೆ ತಂದಿತು. ನೋಂದಣಿಗೆ ಮಾತ್ರ ಸಂಖ್ಯೆ ಬೇಕೇ ಇತ್ತು.