ಬಿಸಿಲು ಮಾಡಿನ ಮಾತು

ಹೇನು ಹೆಕ್ಕಿಸಿಕೊಳ್ಳುತ್ತಾ ಕುಳಿತ ಹೆಂಗಸರು ಏನು ಮಾತಾಡುತ್ತಾರೆ? ಪಕ್ಕದ ಮನೆಯ ಸೊಸೆ, ಮೊನ್ನೆಯ ಜಗಳ, ಯಾರದೋ ಸಾವು. ಅದನ್ನೆಲ್ಲ ಯಾರು ಬರೆದಿಡುತ್ತಾರೆ! ಆದರೆ ಫ್ರಾನ್ಸಿನ ದಕ್ಷಿಣ ಅಂಚಿನ ಮೊಂತಾಯು ಎಂಬ ಪುಟ್ಟ ಹಳ್ಳಿಯಲ್ಲಿ ಏಳು ನೂರು ವರ್ಷಗಳ ಹಿಂದೆ ಹೆಂಗಸರಾಡಿದ ಇಂಥ ಮಾತು ಇಂದಿಗೂ ಉಳಿದಿದೆ.

ಪಿರೆನೀಸ್ ಪರ್ವತದ ನಡುವೆ ಸುಮಾರು 1,300 ಮೀಟರ್ ಎತ್ತರದಲ್ಲಿರುವ ಊರು ಅದು. ಆಗ ಅಲ್ಲಿ ಇದ್ದವರು 250 ಮಂದಿ ಇರಬಹುದು. ರೈತರು, ಕುರಿ ಕಾಯುವವರು. ಮನೆಗೂ ಮನೆತನಕ್ಕೂ ಅವರಲ್ಲಿ ಒಂದೇ ಪದ, 'ಓಸ್ತಾಲ್'. ಅಡಿಗೆಮನೆಯ ಒಲೆಯ ಸುತ್ತಲೇ ಬದುಕು. ನೀರು ತರುವುದು, ಒಲೆ ಉರಿಸುವುದು ಹೆಂಗಸರ ಪಾಲು. ಊರ ಪಾದ್ರಿ ಪಿಯೆರ್ ಕ್ಲೆರ್ಗನ ತಂದೆ ಸತ್ತಾಗ ತಾಯಿ ಮಾಂಗಾರ್ದ್ ಗಂಡನ ಕೂದಲನ್ನೂ ಉಗುರನ್ನೂ ಕತ್ತರಿಸಿ ತೆಗೆಸಿಟ್ಟಳು. ಯಜಮಾನನ ಜೊತೆ ಮನೆಯ ಭಾಗ್ಯವೂ ಹೊರಟುಹೋಗಬಾರದಲ್ಲ!

ಆ ಊರಿನ ಬಹಳ ಮಂದಿ ಕ್ಯಾಥರ್ ಪಂಥವನ್ನು ನಂಬಿದ್ದರು. ಚರ್ಚಿನ ಕಣ್ಣಿಗೆ ಅದು ಪಾಷಂಡ ಮತ. 1308ರಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ಊರಿಗೆ ಊರನ್ನೇ ಸೆರೆಹಿಡಿದರು. ಮುಂದೆ 1318ರಿಂದ 1325ರವರೆಗೆ ಪಾಮಿಯೇ ಪಟ್ಟಣದ ಬಿಷಪ್ ಜಾಕ್ ಫೂರ್ನಿಯೇ ವಿಚಾರಣೆ ನಡೆಸಿದ. ಬಲು ತಾಳ್ಮೆಯ ಮನುಷ್ಯ. ಯಾರ ಮನೆಗೆ ಯಾರು ಬಂದರು, ಏನು ಅಂದರು, ಎಲ್ಲವನ್ನೂ ಕೆದಕಿ ಕೆದಕಿ ಕೇಳಿದ.

ಹಾಗೆ ಹೊರಬಿದ್ದದ್ದೇ ಈ ಸಂಗತಿ. ಇಬ್ಬರು ತಾಯಂದಿರು ಬಿಸಿಲಲ್ಲಿ ಮನೆಯ ಮಾಡಿನ ಮೇಲೆ ಕುಳಿತು ಹೆಣ್ಣುಮಕ್ಕಳಿಂದ ಹೇನು ಹೆಕ್ಕಿಸಿಕೊಳ್ಳುತ್ತಿದ್ದರು. ಬೆಂಕಿಗೆ ಹಾಕಿದಾಗ ಆ ಉರಿಯನ್ನು ಜನ ಹೇಗೆ ತಡೆದುಕೊಳ್ಳುತ್ತಾರೋ ಎಂದು ಒಬ್ಬಳು ಕೇಳಿದಳು. ಅಷ್ಟೂ ತಿಳಿಯದೇ, ಆ ನೋವನ್ನು ದೇವರೇ ವಹಿಸಿಕೊಳ್ಳುತ್ತಾನೆ ಎಂದಳು ಇನ್ನೊಬ್ಬಳು. ದಾರಿಯಲ್ಲಿ ಹೋಗುತ್ತಿದ್ದವಳೊಬ್ಬಳ ಕಿವಿಗೆ ಅದು ಬಿತ್ತು. ಎಷ್ಟೋ ಕಾಲದ ಮೇಲೆ ವಿಚಾರಣೆಯಲ್ಲಿ ಅವಳು ಅದನ್ನು ಹೇಳಿದಳು.

ಬೆಯಾತ್ರಿಸ್ ದ ಪ್ಲಾನಿಸೋಲ್ ಎಂಬ ದೊಡ್ಡ ಮನೆತನದ ವಿಧವೆಯ ಗಂಟನ್ನೂ ಬಿಚ್ಚಿಸಿದರು. ಮೊಮ್ಮಕ್ಕಳ ಒಣಗಿದ ಹೊಕ್ಕುಳಬಳ್ಳಿ ಸಿಕ್ಕಿತು. ಅದಿದ್ದರೆ ವ್ಯಾಜ್ಯದಲ್ಲಿ ಸೋಲಿಲ್ಲವೆಂದು ಯಾರೋ ಹೇಳಿದ್ದರಂತೆ. ಹೊಕ್ಕುಳಬಳ್ಳಿಯನ್ನು ತಾಯಿತದಲ್ಲಿಟ್ಟು ಮಗುವಿಗೆ ಕಟ್ಟುವ ಅಜ್ಜಿಯರನ್ನು ಕಂಡ ನಮಗೆ ಇದೇನು ವಿಚಿತ್ರವಲ್ಲ. ಅಲ್ಲಿ ಮಾತ್ರ ಅದು ಮಾಟದ ಶಂಕೆಗೆ ಗುರಿಯಾಯಿತು. 1321ರಲ್ಲಿ ಅವಳಿಗೆ ಸೆರೆಮನೆಯಾಯಿತು. ಮರುವರ್ಷ ಬಿಟ್ಟರು, ಆದರೆ ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿದುಕೊಂಡೇ ತಿರುಗಬೇಕೆಂದು ವಿಧಿಸಿದರು.

ಫೂರ್ನಿಯೇ 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದ. ಅವನ ದಫ್ತರ ವ್ಯಾಟಿಕನ್ ಗ್ರಂಥಾಲಯ ಸೇರಿತು. ಅದನ್ನೇ ಆಧರಿಸಿ ಲ ರ್ವಾ ಲಾದ್ಯೂರಿ ಎಂಬ ಇತಿಹಾಸಕಾರರು 1975ರಲ್ಲಿ ಬರೆದ 'ಮೊಂತಾಯು' ಗ್ರಂಥ ಲೋಕಪ್ರಸಿದ್ಧವಾಯಿತು.

ರಾಜರಾಣಿಯರ ಚರಿತ್ರೆಯಲ್ಲಿ ಸಿಗದ ಒಲೆ, ಕೊಡ, ಹೇನು ಎಲ್ಲ ಇಲ್ಲಿವೆ. ಓದಲು ಸಂತೋಷವೇ. ಆದರೆ ಆ ಹೆಂಗಸರು ಆಡಿದ್ದು ತಮ್ಮ ಆಕ್ಸಿತಾನ್ ನುಡಿಯಲ್ಲಿ. ಬರೆದುಕೊಂಡದ್ದು ಅವರಿಗೆ ತಿಳಿಯದ ಲ್ಯಾಟಿನ್‌ನಲ್ಲಿ, ಅದೂ ಅವರಿಗೆ ಶಿಕ್ಷೆ ಕೊಡಲೆಂದು. ಅಂದು ಆ ದಾರಿಹೋಕಳು ಸುಮ್ಮನಿದ್ದಿದ್ದರೆ ನಮಗೆ ಆ ಮಾಡಿನ ಮಾತು ದಕ್ಕುತ್ತಿರಲಿಲ್ಲ. ಸುಮ್ಮನಿರಬೇಕಿತ್ತು ಎಂದೇ ನನ್ನ ಮನಸ್ಸು ಹೇಳುತ್ತದೆ.